ಮೂರು ನಿಮಿಷದ ಚಿತ್ರ, ನಾಲ್ಕು ನಿಮಿಷದ ಕೃತಜ್ಞತೆ

ಮನೆಯಲ್ಲೇ ಮೂರು ನಿಮಿಷದ ಕಿರುಚಿತ್ರ ಮಾಡಲು ಹೊರಟವರಿಗೆ ಇಂದು ಕ್ಯಾಮೆರಾ ಒಂದು ಸಮಸ್ಯೆಯಲ್ಲ, ಅದು ಜೇಬಿನಲ್ಲೇ ಇರುತ್ತದೆ. ನಟರ ಕೊರತೆಯೂ ಇಲ್ಲ, ಬೇಡವೆಂದರೂ ಮನೆಮಂದಿ ಬಣ್ಣ ಹಚ್ಚಿಕೊಂಡು ಸಾಲಾಗಿ ನಿಂತಿರುತ್ತಾರೆ. ನಿಜವಾದ ಪರೀಕ್ಷೆ ಶುರುವಾಗುವುದು ಟೈಟಲ್ ಕಾರ್ಡಿನ ಹಿಂದೆ ಒಂದು ಚಿತ್ರವೂ ಕೊನೆಯ ದೃಶ್ಯಕ್ಕೆ ಪಿಟೀಲಿನ ಒಂದು ಎಳೆಯೂ ಬೇಕೆನಿಸಿದಾಗ. ಬಲ್ಲವರೆಲ್ಲ ಒಂದೇ ದನಿಯಲ್ಲಿ "ಅದಕ್ಕೇನಂತೆ, ಅಂತರ್ಜಾಲದಲ್ಲಿ ಎಲ್ಲವೂ ಉಚಿತ" ಎಂದು ಅಭಯ ನೀಡುತ್ತಾರೆ. ಉಚಿತವೇನೋ ಹೌದು, ಅದು ಯಾರದೆಂದು ಕೇಳುವ ದುರಭ್ಯಾಸ ಇಲ್ಲದವರಿಗೆ.

ಆ ದುರಭ್ಯಾಸವಿದ್ದವರು ಮೊದಲು ಮೃತರ ಮೊರೆಹೋಗುತ್ತಾರೆ. ಬೀಥೋವನ್ ತೀರಿಕೊಂಡದ್ದು 1827ರಲ್ಲಿ, ಆದ್ದರಿಂದ ಅವರ ಕೃತಿಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ ಎಂಬುದು ಸರಿಯಾದ ತರ್ಕವೇ. ಆದರೆ ಕೃತಿ ಬೇರೆ, ಅದರ ಧ್ವನಿಮುದ್ರಣ ಬೇರೆ. ಸ್ವರಗಳು ಸತ್ತವರವು, ಅವುಗಳನ್ನು ನುಡಿಸಿ ದಾಖಲಿಸಿದ್ದು ಬದುಕಿರುವ ಕಂಪನಿಯದು. ಹಾಗಿದ್ದರೆ ನಾವೇ ನುಡಿಸಿಕೊಳ್ಳೋಣ ಎಂದು ಹೊರಡುವವರು 2018ರ ಒಂದು ಪ್ರಸಂಗವನ್ನು ತಿಳಿದಿರುವುದು ಒಳಿತು. ಬ್ರಿಟನ್ನಿನ ಪಿಯಾನೊ ವಾದಕರೊಬ್ಬರು ತಾವೇ ಮನೆಯಲ್ಲಿ ಬಾಖ್‌ನ ಕೃತಿಯೊಂದನ್ನು ನುಡಿಸಿ ಫೇಸ್‌ಬುಕ್ಕಿಗೆ ಹಾಕಿದರೆ, ಅದರಲ್ಲಿ 47 ಸೆಕೆಂಡು ತನ್ನದೆಂದು ದೊಡ್ಡ ಸಂಗೀತ ಕಂಪನಿಯೊಂದರ ಹೆಸರಿನಲ್ಲಿ ಹಕ್ಕೊತ್ತಾಯ ಬಂತು. ಬಾಖ್ ತೀರಿಕೊಂಡು ಆಗಲೇ 268 ವರ್ಷವಾಗಿತ್ತು. ಗದ್ದಲವೆದ್ದ ಮೇಲೆ ಕಂಪನಿ ಹಿಂದೆ ಸರಿಯಿತೆನ್ನಿ; ಗದ್ದಲ ಎಬ್ಬಿಸುವಷ್ಟು ಹೆಸರಿಲ್ಲದವರ 47 ಸೆಕೆಂಡುಗಳ ಗತಿ ಏನಾಗುತ್ತದೆಂದು ಯಾರೂ ಬರೆದಿಡುವುದಿಲ್ಲ.

ಇದರಲ್ಲಿ ಮನುಷ್ಯರನ್ನು ದೂರುವಂತಿಲ್ಲ, ಕೇಳಿಸಿಕೊಂಡಿದ್ದು ಯಂತ್ರ. ಅಂಥದ್ದೇ ಇನ್ನೊಂದು ಯಂತ್ರ, ಯೂಟ್ಯೂಬು 2007ರಲ್ಲಿ ಜಾರಿಗೆ ತಂದ 'ಕಂಟೆಂಟ್ ಐಡಿ' ಎಂಬ ವ್ಯವಸ್ಥೆ, ಪ್ರತಿಯೊಂದು ವಿಡಿಯೊವನ್ನೂ ಹಕ್ಕುದಾರರು ಒಪ್ಪಿಸಿದ ಮಾದರಿಗಳೊಡನೆ ತಾಳೆ ನೋಡುತ್ತದೆ, ಅದರ ಕಿವಿ ಎಷ್ಟು ಸೂಕ್ಷ್ಮವೆಂದರೆ ಇಲ್ಲದ್ದೂ ಕೇಳಿಸುತ್ತದೆ. ಆಸ್ಟ್ರೇಲಿಯಾದ ಸಂಗೀತಗಾರರೊಬ್ಬರು ರಾಗವೂ ತಾಳವೂ ಇಲ್ಲದ, ಬರಿಯ 'ಶ್' ಎನ್ನುವ ಸದ್ದನ್ನು ಕಂಪ್ಯೂಟರಿನಲ್ಲಿ ತಾವೇ ತಯಾರಿಸಿ ಹತ್ತು ಗಂಟೆಗಳ ವಿಡಿಯೊ ಮಾಡಿದ್ದರು. 2018ರ ವೇಳೆಗೆ ಅದರ ಮೇಲೆ ಐದು ಹಕ್ಕೊತ್ತಾಯಗಳು ಬಂದಿದ್ದವು. 'ಶ್' ಎಂಬುದಕ್ಕೂ ಮಾಲೀಕರಿದ್ದಾರೆಂದ ಮೇಲೆ ಮಕ್ಕಳನ್ನು ಸುಮ್ಮನಿರಿಸುವ ತಾಯಂದಿರು ಎಚ್ಚರದಿಂದಿರಬೇಕು. 2012ರಲ್ಲಿ ನಾಸಾ ಮಂಗಳನ ಮೇಲೆ ಕ್ಯೂರಿಯಾಸಿಟಿ ಎಂಬ ಶೋಧಕ ವಾಹನವನ್ನು ಇಳಿಸಿ, ಆ ವಿಡಿಯೊವನ್ನು ತನ್ನದೇ ಚಾನೆಲ್ಲಿನಲ್ಲಿ ಹಾಕಿದಾಗ, ಅದು ತನ್ನದೆಂದ ಸುದ್ದಿಸಂಸ್ಥೆಯೊಂದರ ದೆಸೆಯಿಂದ ಸ್ವಲ್ಪ ಹೊತ್ತು ಮಾಯವಾಗಿತ್ತು. ಬೇರೆ ಗ್ರಹಕ್ಕೆ ಹೋಗಿ ಚಿತ್ರೀಕರಿಸಿದರೂ ಬಿಡುಗಡೆಯಿಲ್ಲ.

ಈ ಎಲ್ಲ ಜಂಜಾಟಕ್ಕೆ ಮದ್ದಾಗಿ, ಕಲಾವಿದರೇ ಉದಾರವಾಗಿ ಹಂಚಿಕೊಳ್ಳಲೆಂದು, 2002ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದವು. ಉದ್ದೇಶ ಉದಾತ್ತವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ದೃಶ್ಯದ ಕೊಳಲಿನವರು 'ನನ್ನದನ್ನು ಬಳಸಿ ಮಾಡಿದ್ದನ್ನು ಇದೇ ಷರತ್ತಿನಲ್ಲಿ ಹಂಚು' ಎಂದಿದ್ದು, ಕೊನೆಯ ದೃಶ್ಯದ ಪಿಟೀಲಿನವರು 'ಇದೇ ಷರತ್ತಿನಲ್ಲಿ ಹಂಚು, ವ್ಯಾಪಾರಕ್ಕೆ ಮಾತ್ರ ಕೂಡದು' ಎಂದಿದ್ದರೆ, ಒಂದೇ ಚಿತ್ರವನ್ನು ವ್ಯಾಪಾರಕ್ಕೆ ಮುಕ್ತವಾಗಿಯೂ ಇಡಬೇಕು, ಇಡದೆಯೂ ಇರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಉಳುಮೆಯಲ್ಲಿ ದಾನಿಗಳಿಬ್ಬರೂ ಉದಾರಿಗಳೇ, ಚಿತ್ರ ಮಾತ್ರ ಹೊರಬರುವುದಿಲ್ಲ. ಇನ್ನು 'ಮಾರ್ಪಾಡು ಸಲ್ಲದು' ಎಂಬ ಷರತ್ತಿನ ಸಂಗೀತವನ್ನು ಒಂದು ಸ್ವರವನ್ನೂ ಮುಟ್ಟದೆ ಇಡಿಯಾಗಿ ಬಳಸಿದರೂ ತಪ್ಪೇ, ಏಕೆಂದರೆ ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸುವುದೇ ಮಾರ್ಪಾಡು ಎಂದು ಆ ಪರವಾನಗಿಯ ಪಠ್ಯ ಸ್ಪಷ್ಟವಾಗಿ ಹೇಳುತ್ತದೆ. (ವಿಡಂಬನೆಗಾಗಿ ಕಟ್ಟಿದ ಮಾತಲ್ಲ ಇದು, ಪಠ್ಯವನ್ನು ಓದಿದ ಯಾರಾದರೂ ಸಿಕ್ಕರೆ ಕೇಳಿ ನೋಡಬಹುದು.) 'ರಾಯಲ್ಟಿ ಫ್ರೀ' ಎಂಬುದರಲ್ಲಿ ಫ್ರೀ ಇರುವುದು ರಾಯಲ್ಟಿ, ಅಂದರೆ ಬಳಸಿದಾಗಲೆಲ್ಲ ಕಟ್ಟುವ ಹಣವಷ್ಟೇ, ಮೊದಲು ಕೊಳ್ಳುವ ಬೆಲೆಯಲ್ಲ. ಎಲ್ಲ ದಾಟಿ ಬಂದವರು ಕೃತಿಯ ಹೆಸರು, ಕರ್ತೃವಿನ ಹೆಸರು, ಸಿಕ್ಕ ತಾಣ, ಪರವಾನಗಿಯ ಆವೃತ್ತಿ, ಮಾಡಿದ ಬದಲಾವಣೆ ಎಲ್ಲವನ್ನೂ ಕೊನೆಯಲ್ಲಿ ತೋರಿಸಬೇಕಾಗಿ, ಮೂರು ನಿಮಿಷದ ಚಿತ್ರದ ಬಾಲಕ್ಕೆ ನಾಲ್ಕು ನಿಮಿಷದ ಕೃತಜ್ಞತೆ ಅಂಟಿಕೊಳ್ಳುತ್ತದೆ.

ಚಿತ್ರಕಲೆಯ ಕಥೆಯೂ ಇದಕ್ಕಿಂತ ಮೇಲಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ತೆರೆದಿಟ್ಟಿತು, ಅದಕ್ಕೊಂದು ನಮಸ್ಕಾರ. ಆದರೆ 1519ರಲ್ಲೇ ತೀರಿಕೊಂಡ ಲಿಯೊನಾರ್ಡೊ ಬರೆದ ವಿಟ್ರುವಿಯನ್ ಮನುಷ್ಯನ ರೇಖಾಚಿತ್ರವನ್ನು ಜಿಗ್‌ಸಾ ಆಟಿಕೆಯ ಮೇಲೆ ಅಚ್ಚು ಹಾಕಿದ್ದಕ್ಕೆ ವೆನಿಸ್ಸಿನ ವಸ್ತುಸಂಗ್ರಹಾಲಯ ಆಟಿಕೆ ಕಂಪನಿಯನ್ನು ಕೋರ್ಟಿಗೆಳೆಯಿತು. ಇದಕ್ಕೂ ಸೊಗಸಾದದ್ದೊಂದಿದೆ. ಅಮೆರಿಕದ ಛಾಯಾಗ್ರಾಹಕಿಯೊಬ್ಬರು ತಮ್ಮ ಸಾವಿರಾರು ಚಿತ್ರಗಳನ್ನು ಸಾರ್ವಜನಿಕರ ಬಳಕೆಗೆಂದು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ದಾನ ಮಾಡಿದ್ದರು. ಅವರದೇ ಪ್ರತಿಷ್ಠಾನದ ಜಾಲತಾಣದಲ್ಲಿ ಅವರೇ ತೆಗೆದ ಚಿತ್ರವನ್ನು ಬಳಸಿದ್ದಕ್ಕೆ 120 ಡಾಲರ್ ಕಟ್ಟಬೇಕೆಂದು ಅವರಿಗೇ ನೋಟಿಸು ಬಂತು.

ಹೀಗೆ ಪ್ರಾಮಾಣಿಕರು ಷರತ್ತುಗಳ ಅಡಿಟಿಪ್ಪಣಿ ಓದುತ್ತಿರುವಾಗ, ಪಕ್ಕದ ಚಾನೆಲ್ಲಿನವರು ಯಾವುದೋ ಜನಪ್ರಿಯ ಹಾಡನ್ನು ಎತ್ತಿಕೊಂಡು, ವೇಗವನ್ನು ಸ್ವಲ್ಪ ಹೆಚ್ಚಿಸಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, 'ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿಲ್ಲ, ಎಲ್ಲ ಹಕ್ಕುಗಳೂ ಆಯಾ ಮಾಲೀಕರವು' ಎಂಬ ಮಂತ್ರವನ್ನು ಕೆಳಗೆ ಬರೆದು ನಿಶ್ಚಿಂತರಾಗುತ್ತಾರೆ. ಈ ಮಂತ್ರಕ್ಕೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ, ಆದರೆ ಮಾಲು ತನ್ನದಲ್ಲವೆಂದು ಸ್ವಹಸ್ತಾಕ್ಷರದಲ್ಲಿ ಒಪ್ಪಿಕೊಂಡು ಕದಿಯುವ ಶಿಷ್ಟಾಚಾರ ಬೇರಾವ ಕಸುಬಿನಲ್ಲೂ ಕಾಣಸಿಗದು.

ಪ್ರಾಮಾಣಿಕರ ಚಿತ್ರದ ಮೇಲೆ ಹಕ್ಕೊತ್ತಾಯ ಬಂದರೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಪರವಾನಗಿಯ ಪುಟದ ಸ್ಕ್ರೀನ್‌ಶಾಟು, ಸಂಗೀತಗಾರರು ಕಳಿಸಿದ ಮಿಂಚಂಚೆ, ಎಲ್ಲವನ್ನೂ ಜೋಡಿಸಿ ಯೂಟ್ಯೂಬಿನಲ್ಲಿ ಒಪ್ಪಿಸಿದರೆ, ಮೊದಲ ಹಂತದಲ್ಲಿ ಅದನ್ನು ಪರಿಶೀಲಿಸುವವರು ಹಕ್ಕೊತ್ತಾಯ ಮಾಡಿದವರೇ. ಫಿರ್ಯಾದುದಾರರೇ ತೀರ್ಪುಗಾರರಾದ ಈ ನ್ಯಾಯಪೀಠಕ್ಕೆ ಉತ್ತರಿಸಲು 30 ದಿನಗಳ ಕಾಲಾವಕಾಶವಿರುತ್ತದೆ. ಆ ಅವಧಿಯೊಳಗೆ ಪಕ್ಕದ ಚಾನೆಲ್ಲಿನಲ್ಲಿ ನಿಮ್ಮದೇ ಕಿರುಚಿತ್ರ, ನಾಯಕ ಎಡಗೈಯಲ್ಲಿ ಬರೆಯುತ್ತ, ಪಿಟೀಲು ತುಸು ಅವಸರದಲ್ಲಿ ನುಡಿಯುತ್ತ, ಯಾವ ಯಂತ್ರದ ಕಿವಿಗೂ ಬೀಳದೆ ಓಡುತ್ತಿರುತ್ತದೆ. ಕೃತಜ್ಞತೆಯ ಆ ನಾಲ್ಕು ನಿಮಿಷವನ್ನು, ನೋಡುಗರಿಗೆ ಬೇಸರವಾದೀತೆಂದು, ಅವರು ಕತ್ತರಿಸಿರುತ್ತಾರೆ.