ನಾಲ್ಕು ಸಾಲಿನ ಮೆನು, ನನ್ನ ಪಾಡು
1 ಒತ್ತಿದರೆ ಕೂಡು, 2 ಕಳೆ, 3 ಗುಣಿಸು, 4 ಹೊರಗೆ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆಯಬೇಕಿದ್ದದ್ದು ಇಷ್ಟೇ ಮೆನು. ಅರ್ಧ ಗಂಟೆ ಕೆಲಸ ಅಂದುಕೊಂಡೆ. ರಾತ್ರಿ ಹನ್ನೆರಡಾಯಿತು.

ಮೊದಲು 1 ಒತ್ತಿದೆ. ಕೂಡಿತು, ಕಳೆಯಿತು, ಗುಣಿಸಿತು, ಆಮೇಲೆ ತಾನೇ ಹೊರಗೂ ಹೋಯಿತು! ಅಂಕಿಗೆ ತಕ್ಕ ಕೆಲಸ ಆರಿಸುವ ಸ್ವಿಚ್‌ನಲ್ಲಿ ಒಂದೊಂದು ಕೇಸ್‌ಗೂ, ಅಂದರೆ ಒಂದೊಂದು ಆಯ್ಕೆಗೂ, ಕೊನೆಗೆ ಬ್ರೇಕ್ ಹಾಕಬೇಕಂತೆ, ಇಲ್ಲದಿದ್ದರೆ ಅದರ ಕೆಳಗಿನವೂ ಓಡುತ್ತವಂತೆ. ಸರಿ, ನನ್ನದೇ ತಪ್ಪು, ಹಾಕಿದೆ.

ಆಮೇಲೆ ಸುಮ್ನೆ ಅಂಕಿ ಬದಲು ಒಂದು ಅಕ್ಷರ ಒತ್ತಿದೆ ನೋಡಿ. ಮೆನು, ಮೆನು, ಮೆನು, ನಿಲ್ಲುವುದೇ ಇಲ್ಲ! ಕಂಟ್ರೋಲ್ ಸಿ ಒತ್ತಿ ಬಾಯಿ ಮುಚ್ಚಿಸಿದೆ. ಒತ್ತಿದ್ದನ್ನು ಓದುವ ಈ ಸ್ಕ್ಯಾನ್‌ಎಫ್‌ಗೆ ಅಂಕಿ ಓದು ಅಂದರೆ ಅಂಕಿಯೇ ಬೇಕು. ಅಕ್ಷರ ಕಂಡರೆ ತೆಗೆದುಕೊಳ್ಳುವುದೂ ಇಲ್ಲ, ಎಸೆಯುವುದೂ ಇಲ್ಲ. ಒತ್ತಿದ್ದೆಲ್ಲ ಓದಲು ಕಾದಿರುವ ಜಾಗ, ಅಂದರೆ ಬಫರ್‌ನಲ್ಲೇ ಬಿಟ್ಟು ಬರುತ್ತದೆ. ಮೆನುವನ್ನು ಮತ್ತೆ ಮತ್ತೆ ತೋರಿಸುವ ಲೂಪ್ ಸುತ್ತಿ ಬಂದಾಗ ಅದೇ ಅಕ್ಷರ ಅಲ್ಲೇ ಜಗ್ಗದೆ ಕೂತಿರುತ್ತದೆ. ಸ್ಕ್ಯಾನ್‌ಎಫ್ ವಾಪಸ್ ಕೊಟ್ಟಿದ್ದು 1, ಅಂದರೆ ಕೇಳಿದ ಒಂದು ಅಂಕಿ ಸಿಕ್ಕಿತು ಅಂತ, ಹೌದೋ ಅಲ್ಲವೋ ನೋಡಬೇಕು. ಅಲ್ಲದಿದ್ದರೆ ಸಾಲಿನ ಕೊನೆವರೆಗೂ, ಒಂದೊಂದೇ ಅಕ್ಷರ ಓದುವ ಗೆಟ್‌ಚಾರ್‌ನಿಂದ ಗುಡಿಸಬೇಕು.

ಇದನ್ನು ಮೊದಲ ಪಾಠದಲ್ಲೇ ಹೇಳಬಹುದಿತ್ತಲ್ವಾ? ಈಗ ಲೆಕ್ಕ ಮಾಡುವ ಕೋಡ್ ಮೂರು ಸಾಲು, ಕಸ ಗುಡಿಸುವ ಕೋಡ್ ಅದಕ್ಕಿಂತ ಜಾಸ್ತಿ.