ಸೊಪ್ಪು ಬುಟ್ಟಿಗೆ, ಆಳು ಊರಿಗೆ

ರಾಜ್ಯದಲ್ಲಿ ಜನ ಕಡಿಮೆಯಾದರೆ ಮಕ್ಕಳು ಹುಟ್ಟಿ ದೊಡ್ಡವರಾಗುವ ತನಕ ಕಾಯುವುದು ದಡ್ಡರ ಕೆಲಸವೆಂದು ಹತ್ತೊಂಬತ್ತನೆಯ ಶತಮಾನದ ಸಯಾಮಿನ (ಇಂದಿನ ಥಾಯ್ಲೆಂಡಿನ) ಆಡಳಿತ ಚೆನ್ನಾಗಿ ಅರಿತಿತ್ತು. 'ಸೊಪ್ಪು ಬುಟ್ಟಿಗೆ, ಆಳು ಊರಿಗೆ' ಎಂಬುದು ತಾಯ್ ಭಾಷಿಕರ ಸೀಮೆಯ ಹಳೆಯ ಮಾತು; ಸೊಪ್ಪನ್ನು ಕಿತ್ತು ಬುಟ್ಟಿ ತುಂಬು, ಆಳುಗಳನ್ನು ತಂದು ಊರು ತುಂಬು ಎಂದರ್ಥ. ಪಕ್ಕದವರ ಹಿತ್ತಿಲಿನ ಸೊಪ್ಪಿಗೆ ಕೈಹಾಕಬಾರದೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ.

ಈ ಹಿತ್ತಿಲು ಫುವಾನರೆಂಬ ತಾಯ್ ಜನಾಂಗದವರದು. ಇಂದಿನ ಲಾವೋಸಿನ ಷಿಯೆಂಗ್‌ಖ್ವಾಂಗ್ ಪ್ರಸ್ಥಭೂಮಿಯಲ್ಲಿ, ಕಲ್ಲಿನ ಹಂಡೆಗಳ ಬಯಲಿನ ಆಸುಪಾಸಿನಲ್ಲಿ, ಸಯಾಮ್, ವಿಯೆಟ್ನಾಮ್ ಎಂಬ ಎರಡೂ ಕಡೆಯ ದೊಡ್ಡವರಿಗೆ ಕಪ್ಪ ಕಟ್ಟಿಕೊಂಡು ಬದುಕಿದ್ದ ಪುಟ್ಟ ರಾಜ್ಯ. ಸಯಾಮಿನ ವಿರುದ್ಧ ದಂಗೆಯೆದ್ದಿದ್ದ ವಿಯೆಂಟಿಯಾನಿನ ಲಾವೋ ಅರಸ ಅನುವೊಂಗನನ್ನು ಸಯಾಮಿಗೆ ಹಿಡಿದುಕೊಟ್ಟನೆಂದು ಫುವಾನರ ದೊರೆ ಚಾವ್ ನೊಯ್‌ನನ್ನು ವಿಯೆಟ್ನಾಮಿನವರು ತಮ್ಮ ರಾಜಧಾನಿ ಹುವೆಗೆ ಒಯ್ದು ಕೊಂದರು. 1832ರಲ್ಲಿ ರಾಜ್ಯವನ್ನೇ ನುಂಗಿದರು. ನೆಲ ಉಳಿಸಿಕೊಳ್ಳಲಾಗದ ಸಯಾಮ್, ನೆಲವನ್ನು ಅಲ್ಲೇ ಬಿಟ್ಟು ಅದರ ಮೇಲಿದ್ದವರನ್ನು ಹೊರಡಿಸಿತು. ಹೀಗೆ ಮೆಕಾಂಗ್ ನದಿ ದಾಟಿಸಿಕೊಂಡವರು ಲೋಪ್‌ಬುರಿ, ಸುಫಾನ್‌ಬುರಿಗಳ ಗದ್ದೆಬಯಲು ಸೇರಿದರು. ಆಳುಗಂಡಸರ ಮಣಿಕಟ್ಟಿನ ಮೇಲೆ ಊರು ಯಾವುದು, ಒಡೆಯ ಯಾರು ಎಂದು ಹಚ್ಚೆ ಚುಚ್ಚುವುದು ಅಂದಿನ ಪದ್ಧತಿ. ಗುರುತಿನ ಚೀಟಿ ಮನೆಯಲ್ಲೇ ಮರೆತುಬಂದೆನೆಂಬ ನೆಪಕ್ಕೆ ಆಸ್ಪದವೇ ಇರಲಿಲ್ಲ.

ಕಡತದ ನಿಜವಾದ ಚಮತ್ಕಾರ ಮುಂದಿದೆ. 1890ರ ದಶಕದ ಆರಂಭದಲ್ಲಿ ಬ್ಯಾಂಕಾಕ್ ತನ್ನ ಈಶಾನ್ಯದ ಒಂದು ಸೀಮೆಗೆ 'ಲಾವೋ ಫುವಾನ್' ಎಂದು ಹೆಸರಿಟ್ಟು, ಅದನ್ನು ಆಳಲು ಮೆಕಾಂಗಿನ ಬಲದಂಡೆಯ ನಾಂಗ್‌ಖಾಯ್‌ನಲ್ಲಿ ರಾಜಕುಮಾರ ಪ್ರಚಕ್‌ರನ್ನು ಕೂರಿಸಿತು. 1893ರ ಒಪ್ಪಂದದಲ್ಲಿ ನದಿಯ ಎಡದಂಡೆ, ಅಂದರೆ ಅಷ್ಟರಲ್ಲಿ ಸಯಾಮ್ ತನ್ನದೆನ್ನುತ್ತಿದ್ದ ಫುವಾನರ ಮೂಲ ನೆಲವೇ, ಫ್ರೆಂಚರ ಪಾಲಾಯಿತು. ಕೂಸು ಕೈತಪ್ಪಿತು, ಕುಲಾವಿ ಉಳಿಯಿತು! ಸಾಲದ್ದಕ್ಕೆ ಬಲದಂಡೆಯಿಂದ 25 ಕಿಲೋಮೀಟರಿನೊಳಗೆ ಸಯಾಮಿನ ಸೈನ್ಯ ಇರಕೂಡದೆಂಬ ಷರತ್ತು ಬೇರೆ. ಹಾಗಾಗಿ ಪ್ರಚಕ್‌ರ ಕಚೇರಿ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣದ ಒಂದು ಹಳ್ಳಿಗೆ ಹೋಯಿತು. ಅದೇ ಇಂದಿನ ಉದೊನ್ ಥಾನಿ. ಊರೂರನ್ನೇ ಕದಲಿಸಿದ ಸರ್ಕಾರಕ್ಕೂ ಎತ್ತಂಗಡಿಯ ರುಚಿ ಒಮ್ಮೆ ಸಿಕ್ಕಿತೆನ್ನಬೇಕು. ಕೆಲವೇ ವರ್ಷಗಳಲ್ಲಿ ಸೀಮೆಯ ಹೆಸರಿನಿಂದ ಲಾವೋ, ಫುವಾನ್ ಎರಡೂ ಮಾಯವಾದವು. 1939ರಲ್ಲಿ ಪ್ರಧಾನಿ ಫಿಬುನ್‌ರ ಸರ್ಕಾರ ದೇಶದವರೆಲ್ಲರೂ ಬರೀ 'ಥಾಯ್' ಎಂದು ಫರ್ಮಾನು ಹೊರಡಿಸಿದ ಮೇಲೆ, ಫುವಾನರೆಂದು ಹೆಸರು ಹಿಡಿದು ಹೊತ್ತುತಂದಿದ್ದ ಸರ್ಕಾರಕ್ಕೆ ಆ ಹೆಸರೂ ಹೆಚ್ಚಾಯಿತು.

ಅದೇ ಉದೊನ್ ಸೀಮೆಯ ಬಾನ್ ಚಿಯಾಂಗ್‌ನಲ್ಲಿ ಫುವಾನರ ಅಂಗಳಗಳನ್ನು ಅಗೆದಾಗ ಇತಿಹಾಸಪೂರ್ವ ಕಾಲದ ಮಡಕೆಗಳು ಸಿಕ್ಕವು. 1992ರಲ್ಲಿ ಆ ತಾಣ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ವಿಹಾರವೊಂದರ ಆವರಣದಲ್ಲಿ ಅಗೆದ ಗುಂಡಿಯನ್ನು ಹಾಗೆಯೇ ಕಾಪಾಡಿ, ಮಡಕೆಗಳು ಯಾವ ಜಾಗದಲ್ಲಿ ಹೇಗೆ ಮಲಗಿದ್ದವೋ ಹಾಗೆಯೇ ತೋರಿಸುವ ಏರ್ಪಾಡು ಮಾಡಿದ್ದಾರೆ.