ಮನ್ರೋವಿಲ್‌ನ ಹಳೆ ಕೋರ್ಟು ಮ್ಯೂಸಿಯಂ ಆಗಿದ್ದು ಸರಿಯೇ?

ಪರ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮನ್ರೋವಿಲ್ ಅಂತ ಒಂದು ಸಣ್ಣ ಊರು. ಮನ್ರೋ ಕೌಂಟಿಗೆ ಅದೇ ಮುಖ್ಯ ಊರು. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದಹಾಗೆ. ಪೇಟೆಯ ನಡುವೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿದ ಇಟ್ಟಿಗೆಯ ಕೋರ್ಟು, ಅದರ ಮೇಲೆ ಗಡಿಯಾರದ ಗೋಪುರ. ಕೋರ್ಟ್ ಹಾಲ್‌ನಲ್ಲಿ ಬಾಗಿದ ಗೋಡೆ, ಮೇಲೆ ಸುತ್ತುವರಿದ ಮರದ ಬಾಲ್ಕನಿ. ಕಾದಂಬರಿಗಾರ್ತಿ ಹಾರ್ಪರ್ ಲೀ ಅವರ ತಂದೆ ಈ ಊರಿನಲ್ಲೇ ವಕೀಲರಾಗಿದ್ದರು.

1963ರಲ್ಲಿ ಪಕ್ಕದಲ್ಲೇ ಹೊಸ ಕಟ್ಟಡ ಎದ್ದಿತು, ಕೋರ್ಟು ಅಲ್ಲಿಗೆ ಹೋಯಿತು. ಹಳೆಯದು ಮುಂದೆ ಮ್ಯೂಸಿಯಂ ಆಯಿತು. ಅದೇ ಒಳ್ಳೆಯದಾಯಿತು. ಕೆಲಸ ನಡೆಯುವ ಸರ್ಕಾರಿ ಕಟ್ಟಡದ ಪಾಡು ಗೊತ್ತಲ್ಲ? ಕಡತ ಇಡೋಕೆ ಜಾಗ ಸಾಲದು ಅಂತ ಅಡ್ಡ ಗೋಡೆ ಎಬ್ಬಿಸುತ್ತಾರೆ, ಎಸಿಗೋಸ್ಕರ ಚಾವಣಿ ತಗ್ಗಿಸುತ್ತಾರೆ. ಇಲ್ಲಿ ಹಾಲ್ ಹಾಲ್ ಆಗಿಯೇ ಉಳಿಯಿತು. ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ 1962ರಲ್ಲಿ ಸಿನಿಮಾ ಆದಾಗ ಹಾಲಿವುಡ್‌ನವರು ಇದೇ ಹಾಲ್‌ನ ನಕಲನ್ನು ಸ್ಟುಡಿಯೋದಲ್ಲಿ ಕಟ್ಟಿದರು. ನಕಲು ನೋಡಿದವರು ಅಸಲಿ ನೋಡೋಕೆ ಬರುತ್ತಾರೆ. ಆ ಕಾದಂಬರಿಯ ನಾಟಕವನ್ನು ಊರಿನವರೇ ಆಡುತ್ತಾರೆ. ವಿಚಾರಣೆಯ ಭಾಗ ಈ ಹಾಲ್‌ನಲ್ಲೇ, ಜ್ಯೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವ ಸಾಮಾನ್ಯ ಜನರ ಗುಂಪಿಗೆ, ಪ್ರೇಕ್ಷಕರನ್ನೇ ಕೂರಿಸುತ್ತಾರೆ.

ವಿರೋಧ

ಕಾದಂಬರಿಯಲ್ಲಿ ತಪ್ಪು ಮಾಡದ ಕಪ್ಪು ಮನುಷ್ಯನಿಗೆ ಶಿಕ್ಷೆಯಾಗುತ್ತದೆ. ಬಿಳಿಯರ ಜೊತೆ ಕೂರುವಂತಿಲ್ಲದ ಕಪ್ಪು ಜನ ಬಾಲ್ಕನಿಯಲ್ಲಿ ಕೂತು ಅದನ್ನು ನೋಡುತ್ತಾರೆ. ಪ್ರವಾಸಿಗರು ಕಣ್ಣೊರೆಸಿಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅದೆಲ್ಲ ಹಳೇ ಕಾಲದ ಮಾತು ಅನ್ನಿಸಿಬಿಡುತ್ತದೆ, ಅಲ್ವಾ?

ಆದರೆ 1986ರಲ್ಲಿ ಇದೇ ಊರಿನಲ್ಲಿ ಒಬ್ಬ ಬಿಳಿ ಯುವತಿಯ ಕೊಲೆಯಾಯಿತು. ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ವಿಚಾರಣೆಯನ್ನು ಬಿಳಿಯರೇ ಜಾಸ್ತಿ ಇದ್ದ ಬಾಲ್ಡ್‌ವಿನ್ ಕೌಂಟಿಗೆ ಸಾಗಿಸಿದರು. ಜ್ಯೂರಿ ಜೀವಾವಧಿ ಸಾಕು ಅಂದರೂ ನ್ಯಾಯಾಧೀಶರು ಮರಣದಂಡನೆ ಕೊಟ್ಟರು. ಕೊಲೆಯ ಹೊತ್ತಿಗೆ ಮೆಕ್‌ಮಿಲಿಯನ್ ಮನೆಯಲ್ಲಿ ಮೀನೂಟದ ಕೂಟದಲ್ಲಿದ್ದರು ಅಂತ ಸಾಕ್ಷಿ ಹೇಳಿದವರು ಹಲವರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ವಕೀಲ ಬ್ರಯಾನ್ ಸ್ಟೀವನ್ಸನ್ ಹೋರಾಡಿ 1993ರಲ್ಲಿ ಬಿಡಿಸಿದರು.

ಬಾಗಿದ ಗೋಡೆ ಚೆಂದವೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕೋರ್ಟು ಕಟ್ಟಿದ್ದು ನ್ಯಾಯ ಹೇಳೋಕೆ. ಅದನ್ನು ಪಕ್ಕದ ಕಟ್ಟಡಕ್ಕೆ ಕಳಿಸಿ, ಇಲ್ಲಿ ನ್ಯಾಯದ ಕಥೆ ಮಾತ್ರ ಉಳಿಸಿಕೊಂಡರು. ಹಳೆ ಹಾಲ್‌ನಲ್ಲೇ ಕೆಲಸ ನಡೆದಿದ್ದರೆ ತೀರ್ಪು ಬದಲಾಗುತ್ತಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಪ್ರಾಸಿಕ್ಯೂಟರೂ ನ್ಯಾಯಾಧೀಶರೂ ದಿನಾ ಆ ಬಾಲ್ಕನಿಯ ಕೆಳಗೇ ಕೂತು ಕೆಲಸ ಮಾಡಬೇಕಿತ್ತು.